ಮರಣೋತ್ತರ ಪರೀಕ್ಷೆ ಏತಕ್ಕೆ?

(ವಾಚನಾಲಯದ ಸಭೆಯಲ್ಲಿ ಮಾಡಿದ ಭಾಷಣ)



ಇಂದಿನ ವಿಷಯ ಮಂಗಳಕರವಾದುದಲ್ಲ. ಆದರೂ ಊರು ಬಿಟ್ಟು ಬಂದು ದುಡಿಯುವ ನಮಗೆ ತಿಳಿದಿರಲೇಬೇಕಾದುದು. ಕಾರ್ಖಾನೆಯಲ್ಲೋ ರಸ್ತೆಯಲ್ಲೋ ನಮ್ಮವರೊಬ್ಬರು ಹಠಾತ್ತಾಗಿ ತೀರಿಕೊಂಡರೆ, ‘ಪೋಸ್ಟ್‌ಮಾರ್ಟಂ ಆಗಬೇಕು’ ಎನ್ನುತ್ತಾರೆ. ಒಡನೆ ನಾವು ಹೇಳುವ ಮಾತು ಒಂದೇ: “ಸತ್ತವನನ್ನು ಇನ್ನೇಕೆ ಕೊಯ್ಯುತ್ತೀರಿ? ಹಾಗೇ ಕೊಟ್ಟುಬಿಡಿ, ಊರಿಗೆ ಒಯ್ಯುತ್ತೇವೆ.” ಆ ಸಂಕಟ ಸಹಜವೇ. ಆದರೆ ಈ ಪರೀಕ್ಷೆ ಸತ್ತವನಿಗೆ ಮಾಡುವ ಅವಮಾನವಲ್ಲ. ಅವನು ಹೇಳಲಾರದೆ ಹೋದುದನ್ನು ಅವನ ದೇಹದಿಂದಲೇ ತಿಳಿಯುವ ಕ್ರಮ.

ನಮ್ಮ ದೇಶದಲ್ಲಿ ಕಾನೂನಿಗಾಗಿ ನಡೆದ ಇಂಥ ಪರೀಕ್ಷೆಗಳಲ್ಲಿ ದಾಖಲೆಯುಳ್ಳ ಮೊದಲನೆಯದು ಇದೇ ಮದರಾಸಿನದು. 1693ರ ಆಗಸ್ಟ್ ತಿಂಗಳಿನದು. ಈಸ್ಟ್ ಇಂಡಿಯಾ ಕಂಪನಿಯ ಕೌನ್ಸಿಲ್ ಸದಸ್ಯ ಜೇಮ್ಸ್ ವೀಲರ್ ಔಷಧ ಸೇವಿಸಿದ ಮೇಲೆ ಸತ್ತ. ಔಷಧ ಕೊಟ್ಟವನು ಸ್ಯಾಮ್ಯುಯಲ್ ಬ್ರೌನ್ ಎಂಬ ವೈದ್ಯ. ಪಾಷಾಣ ಅರೆದಿದ್ದ ಕಲ್ಲಿನಲ್ಲೇ ಔಷಧದ ಮುತ್ತನ್ನೂ ಅರೆದುದರಿಂದ ವಿಷ ಬೆರೆಯಿತೆಂಬುದು ಶಂಕೆ. ಎಡ್ವರ್ಡ್ ಬಲ್ಕ್‌ಲಿ ಎಂಬ ಇನ್ನೊಬ್ಬ ವೈದ್ಯ ದೇಹವನ್ನು ತೆರೆದು ಪರೀಕ್ಷಿಸಿದ. ಮುಂದೆ 1849ರಲ್ಲಿ ವಿಷ ಪತ್ತೆಮಾಡುವ ಸರ್ಕಾರಿ ರಸಾಯನಶಾಲೆಯೂ ಇದೇ ಊರಿನಲ್ಲಿ ಆರಂಭವಾಯಿತು.

ಪರೀಕ್ಷೆಯಲ್ಲಿ ನಡೆಯುವುದೇನು? ವೈದ್ಯರು ಮೊದಲು ಮೈಮೇಲಿನ ಗಾಯಗಳನ್ನು ಅಳೆದು ಬರೆದುಕೊಳ್ಳುತ್ತಾರೆ. ಬಳಿಕ ತಲೆ, ಎದೆ, ಹೊಟ್ಟೆಗಳನ್ನು ತೆರೆದು ಒಂದೊಂದು ಅಂಗವನ್ನೂ ನೋಡಿ, ಮತ್ತೆ ಹೊಲಿದು ಒಪ್ಪಿಸುತ್ತಾರೆ. ಬೆಂಕಿಯಲ್ಲಿ ಸಿಕ್ಕವನ ಶ್ವಾಸನಾಳದಲ್ಲಿ ಮಸಿಯಿದ್ದರೆ, ಬೆಂಕಿ ಹತ್ತಿದಾಗ ಅವನು ಉಸಿರಾಡುತ್ತಿದ್ದನೆಂದು ತಿಳಿಯುತ್ತದೆ. ವಿಷದ ಶಂಕೆಯಿದ್ದರೆ ಜಠರ, ಯಕೃತ್ತು, ಮೂತ್ರಪಿಂಡಗಳ ಭಾಗಗಳನ್ನು ಉಪ್ಪುನೀರಿನಲ್ಲಿಟ್ಟು ರಸಾಯನಶಾಲೆಗೆ ಕಳಿಸುತ್ತಾರೆ. ಅಂತಿಮ ಅಭಿಪ್ರಾಯ ತಡವಾಗುವುದು ಬಹುಮಟ್ಟಿಗೆ ಇದರಿಂದಲೇ.

ಇದು ನಮ್ಮ ಸಂಪ್ರದಾಯಕ್ಕೆ ವಿರುದ್ಧವೆನ್ನುವವರುಂಟು. ಶವವನ್ನು ಹರಿಯುವ ನೀರಿನಲ್ಲಿ ನೆನೆಯಿಟ್ಟು, ಪದರ ಪದರವಾಗಿ ಬಿಡಿಸಿ ಒಳಗನ್ನು ಕಣ್ಣಾರೆ ಕಾಣಬೇಕೆಂದು ವೈದ್ಯನಿಗೆ ವಿಧಿಸಿದ್ದು ಸುಶ್ರುತ ಸಂಹಿತೆಯೇ ಅಲ್ಲವೇ?

ಇನ್ನು ಕಾನೂನು. ಅಪಘಾತ, ಆತ್ಮಹತ್ಯೆ, ಕೊಲೆ, ಯಂತ್ರದಿಂದಾದ ಸಾವು, ಶಂಕಾಸ್ಪದ ಸಾವು, ಇವುಗಳಲ್ಲಿ ಪೊಲೀಸರು ಇಬ್ಬರು ಗೌರವಸ್ಥರ ಎದುರಿಗಾದರೂ ಪಂಚನಾಮೆ ಮಾಡಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೆಯ ಕಲಮಿನಲ್ಲಿ ಇದಿದೆ. ಇಂಥ ಪರೀಕ್ಷೆಗೆ ಮನೆಯವರ ಒಪ್ಪಿಗೆ ಬೇಕಿಲ್ಲ. ರೋಗದ ಸ್ವರೂಪ ತಿಳಿಯಲೆಂದು ಆಸ್ಪತ್ರೆಯವರು ಮಾಡುವ ಪರೀಕ್ಷೆಯೇ ಬೇರೆ. ಅದಕ್ಕೆ ಒಪ್ಪಿಗೆ ಬೇಕು. ಕತ್ತಲಾದರೆ ಬೆಳಗಿನವರೆಗೆ ಕಾಯಲೇಬೇಕೆಂಬ ನಿಯಮವನ್ನು ಕೇಂದ್ರ ಸರ್ಕಾರ 2021ರ ನವೆಂಬರಿನಲ್ಲಿ ಸಡಿಲಿಸಿತು. ಸೌಕರ್ಯವಿರುವ ಆಸ್ಪತ್ರೆಗಳಲ್ಲಿ ರಾತ್ರಿಯೂ ಮಾಡಬಹುದು. ಕೊಲೆ, ಆತ್ಮಹತ್ಯೆಯಂಥವು ಮಾತ್ರ ಸಾಮಾನ್ಯವಾಗಿ ಹಗಲಿಗೇ ಮೀಸಲು.

ನಮ್ಮ ಸಂಸಾರಗಳಿಗೆ ಇದರಿಂದ ಏನು ಪ್ರಯೋಜನ? ಕೆಲಸದ ವೇಳೆ ಸತ್ತವನ ಹೆಂಡತಿ ಮಕ್ಕಳು ಕಾನೂನಿನಂತೆ ಪರಿಹಾರದ ಹಣ ಕೇಳಬಹುದು. ಗೊತ್ತುಪಡಿಸಿದ ಅವಧಿಯೊಳಗೆ ಅರ್ಜಿ ಹಾಕಬೇಕು. ಸಾವು ಹೇಗಾಯಿತೆಂಬ ಪ್ರಶ್ನೆ ಎದ್ದಾಗ ಅವರ ಕೈಯಲ್ಲಿರುವ ಬಲವಾದ ಸಾಕ್ಷಿ ಈ ವರದಿ. ಪರೀಕ್ಷೆಯಿಲ್ಲದೆ ದೇಹವನ್ನು ಸುಟ್ಟುಬಿಟ್ಟರೆ ಆ ಸಾಕ್ಷಿಯೂ ಬೂದಿಯಾಗುತ್ತದೆ.

ಆದ್ದರಿಂದ ಕೆಲವು ಮಾತು ನೆನಪಿಡಿ. ಇಲ್ಲಿ ‘ಪ್ರೇತ ಪರಿಶೋದನೈ’ ಎಂದರೆ ಇದೇ ಎಂದು ತಿಳಿಯಿರಿ. ತಮಿಳು ಓದಲು ಬಾರದವರು ಬರೆದ ಕಾಗದಕ್ಕೆ ಹಾಗೇ ರುಜು ಹಾಕಬೇಡಿ, ಬಲ್ಲವರಿಂದ ಓದಿಸಿರಿ. ಹೆಸರು, ವಯಸ್ಸು, ತಂದೆಯ ಹೆಸರು ಎಲ್ಲ ಕಾಗದಗಳಲ್ಲೂ ಒಂದೇ ರೀತಿಯಾಗಿರಲಿ. ದೂರಿನ ನಕಲು, ಪರೀಕ್ಷೆಯ ವರದಿಯ ನಕಲು, ಮರಣಪತ್ರ, ಈ ಮೂರನ್ನೂ ಕೇಳಿ ಪಡೆದು ಜೋಪಾನವಾಗಿಡಿ.

ಒಬ್ಬನ ಸಾವಿನ ನಿಜ ತಿಳಿದರೆ ಅದೇ ಯಂತ್ರದ ಮುಂದೆ ನಿಲ್ಲುವ ಇನ್ನೊಬ್ಬನು ಉಳಿದಾನು. ಸತ್ತವರಿಗೆ ನಾವು ಸಲ್ಲಿಸಬೇಕಾದ ಋಣದಲ್ಲಿ ಇದೂ ಒಂದು.