ಬೆಳ್ಳಿ ರೂಪಾಯಿ



ಅರಕಲಗೂಡಿನ ಕಡೆ ಪಾದಪೂಜೆಗೆ ನಾವು ಹೋಗಿದ್ದಾಗ ವೃದ್ಧ ತಾಯಿಯೊಬ್ಬರು ಸೆರಗಿನ ಗಂಟು ಬಿಚ್ಚಿ ರಾಣಿ ಮುಖದ ಐದು ಬೆಳ್ಳಿ ರೂಪಾಯಿ ತೋರಿಸಿದರು. "ಅತ್ತೆ ಕೊಟ್ಟದ್ದು ಬುದ್ಧಿ, ಮಗ ಕರಗಿಸುತ್ತಾನಂತೆ" ಎಂದು ಕಣ್ಣೀರಿಟ್ಟರು.

1835ರಲ್ಲಿ ಕಂಪನಿ ಸರ್ಕಾರ ಒಂದೇ ತೂಕದ ರೂಪಾಯಿ ತಂದಿತು. ತೂಕ ಒಂದು ತೊಲ. ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ. ಯುದ್ಧದ ದೆಸೆಯಿಂದ 1940ರಲ್ಲಿ ಬೆಳ್ಳಿ ಅರ್ಧಕ್ಕಿಳಿಯಿತು. 1947ರಲ್ಲಿ ನಿಕ್ಕಲ್ ಬಂತು. ರಾಜನ ಮುಖ ಅದೇ, ರೂಪಾಯಿಯೆಂಬ ಹೆಸರೂ ಅದೇ. ಸತ್ವ ಮಾತ್ರ ಹೋಯಿತು. ಸರಾಫರು ಮುಖ ನೋಡಿ ನಂಬದೆ, ಕಲ್ಲಿನ ಮೇಲೆ ಬಡಿದು ನಾದ ಕೇಳುತ್ತಿದ್ದರು.

"ಮನೆಯಲ್ಲಿ ಹಸಿವಿದ್ದರೆ ಕರಗಿಸಿ ತಾಯೀ, ದೋಷವಿಲ್ಲ. ಬರಿಯ ಒಡವೆಯ ಆಸೆಗಾದರೆ ಬೇಡ. ಕರಗಿದರೆ ತೂಕದ ಬೆಲೆ ಉಳಿದೀತು, ಇಸವಿಯೂ ಅತ್ತೆಯ ನೆನಪೂ ಉಳಿಯವು. ಹುಣಸೆಹಣ್ಣಿನಿಂದ ಉಜ್ಜಲೂಬೇಡಿ, ಅಕ್ಷರ ಸವೆಯುತ್ತದೆ" ಎಂದೆವು.

ಹಣೆಯ ಮುದ್ರೆ ಹಾಗೆಯೇ ಇದ್ದು, ಒಳಗಿನ ಬೆಳ್ಳಿ ಇಳಿಯದಂತೆ ನಾವೆಲ್ಲರೂ ಎಚ್ಚರವಾಗಿರಬೇಕು.