ಹಳೆಯ ಮೋಟಾರಿನ ಬೆಲ್ಟು ಮತ್ತು ಪುಲ್ಲಿ

ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರು ಎಂದೊಡನೆ ಶ್ರೋತೃಗಳಲ್ಲಿ ಹಲವರಿಗೆ ತಾರಕೇಶ್ವರನ ದೇವಾಲಯವೋ, ಬಾಡ ಗ್ರಾಮದ ಕನಕದಾಸರೋ, ಸವಣೂರಿನ ನವಾಬರೋ, ಮದಗದ ಕೆರೆಯೋ ನೆನಪಾಗುವುದು ಸಹಜ. ನಾನು ಈ ಹೊತ್ತು ಮಾತನಾಡಬೇಕೆಂದಿರುವುದು ಆ ಊರುಗಳ ನಡುವೆ ಓಡಾಡುವ ಒಂದು ಹಳೆಯ ಅಂಬಾಸಿಡರ್ ಮೋಟಾರನ್ನು ಕುರಿತು. ಅದರಲ್ಲಿಯೂ ಅದರ ಫ್ಯಾನ್ ಬೆಲ್ಟನ್ನೂ, ಆ ಬೆಲ್ಟು ಸುತ್ತುವ ಪುಲ್ಲಿಯನ್ನೂ ಕುರಿತು. ತರಗತಿಯಲ್ಲಿ ಆಂಗ್ಲ ಕಾವ್ಯವನ್ನು ಪಾಠ ಹೇಳುವವನಿಗೆ ಈ ಮಸಿಯ ಕೆಲಸವೇಕೆಂದು ನೀವು ಕೇಳಬಹುದು. ಕಾವ್ಯದಲ್ಲಿ ಅರ್ಥವಾಗದುದನ್ನು ಅರ್ಥವಾದಂತೆ ತೋರಿಸಿಕೊಳ್ಳಲು ಸಾಧ್ಯ. ಯಂತ್ರದ ಮುಂದೆ ಆ ಚಮತ್ಕಾರ ನಡೆಯುವುದಿಲ್ಲ.

ಅಂಬಾಸಿಡರ್ ಮೋಟಾರು ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಮಾದರಿಯಿಂದ ಬಂದದ್ದು. ಬಂಗಾಳದ ಉತ್ತರಪಾರದ ಕಾರ್ಖಾನೆಯಲ್ಲಿ 1958ರಿಂದ 2014ರವರೆಗೆ ಅದು ತಯಾರಾಗುತ್ತಿದ್ದಿತು. ಎಂಜಿನ್ನಿನ ಮುಂಭಾಗದಲ್ಲಿ ಮೂರು ಪುಲ್ಲಿಗಳಿವೆ. ಕೆಳಗಿನದು ಎಂಜಿನ್ನಿನ ಶಕ್ತಿಯನ್ನು ಕೊಡುತ್ತದೆ. ಉಳಿದೆರಡು ಅದನ್ನು ಪಡೆಯುತ್ತವೆ. ಒಂದು ನೀರಿನ ಪಂಪನ್ನೂ ಬೀಸಣಿಗೆಯನ್ನೂ ತಿರುಗಿಸಿದರೆ, ಮತ್ತೊಂದು ಬ್ಯಾಟರಿಗೆ ವಿದ್ಯುತ್ತನ್ನು ತುಂಬುವ ಡೈನಮೊವನ್ನು ಅಥವಾ ಆಲ್ಟರ್ನೇಟರನ್ನು ತಿರುಗಿಸುತ್ತದೆ. ಈ ಮೂರನ್ನೂ ಒಂದೇ ಬೆಲ್ಟು ಬಂಧಿಸಿದೆ. ಅದು ಹರಿದರೆ ಮೊದಲು ಚಾಲಕನೆದುರಿನ ಕೆಂಪು ದೀಪ ಹತ್ತುತ್ತದೆ. ಸ್ವಲ್ಪ ಹೊತ್ತಿಗೆ ನೀರು ಕುದಿಯುತ್ತದೆ. ಆಗಲೂ ನಿಲ್ಲಿಸದೆ ಓಡಿಸಿದವರು ಎಂಜಿನ್ನಿನ ಹೆಡ್ಡನ್ನೇ ಡೊಂಕು ಮಾಡಿಕೊಳ್ಳುತ್ತಾರೆ. ನೂರಾರು ರೂಪಾಯಿಯ ರಬ್ಬರು ಹೀಗೆ ಸಾವಿರಾರು ರೂಪಾಯಿಗಳನ್ನು ನುಂಗುವುದುಂಟು.

ಹಾನಗಲ್ಲಿನಲ್ಲಿ ನನಗೆ ಪರಿಚಿತರಾದ ಒಬ್ಬ ನಿವೃತ್ತ ಉಪಾಧ್ಯಾಯರಿದ್ದಾರೆ. ತಂದೆಯವರು ಕೊಂಡ ಅಂಬಾಸಿಡರನ್ನು ಅವರು ಮನೆಯ ಹಿರಿಯರಂತೆ ಉಪಚರಿಸುತ್ತಾರೆ. ಒಂದೇ ವರ್ಷದಲ್ಲಿ ಅದರ ಬೆಲ್ಟು ಮೂರು ಸಲ ಹರಿಯಿತು: ಮಳೆಯಲ್ಲಿ ಹಿರೇಕೆರೂರಿನ ಮಗಳ ಮನೆಗೆ ಹೋಗುವಾಗ ಒಮ್ಮೆ, ಸವಣೂರಿನ ಕಪ್ಪು ಮಣ್ಣಿನ ಧೂಳಿನಲ್ಲಿ ಒಮ್ಮೆ, ಶಿಗ್ಗಾವಿಯ ಹೆದ್ದಾರಿಯಲ್ಲಿ ಇನ್ನೊಮ್ಮೆ. ಮೊದಲಿನ ಸಲ ಮಳೆಯನ್ನೂ, ಎರಡನೆಯ ಸಲ ಧೂಳನ್ನೂ ಬೈದದ್ದಾಯಿತು. ಮೂರನೆಯ ಸಲ ಶಿಗ್ಗಾವಿಯ ವೃದ್ಧ ಮೇಸ್ತ್ರಿಯೊಬ್ಬರು ಹರಿದ ಬೆಲ್ಟನ್ನು ಬೆರಳಿನಿಂದ ಸವರಿ ನೋಡಿ, "ಬೆಲ್ಟಿಂದೇನೂ ತಪ್ಪಿಲ್ರೀ ಮಾಸ್ತರ, ಪುಲ್ಲಿ ಕುಣ್ಯಾಕ ಹತ್ತೇತಿ" ಎಂದರಂತೆ. ಬೆಲ್ಟಿನ ಒಂದು ಪಾರ್ಶ್ವ ಮಾತ್ರ ಸವೆದು ನೂಲು ಎದ್ದಿತ್ತು.

ಈ ಮಾತಿನ ತಥ್ಯವನ್ನು ತಿಳಿಯಬೇಕಾದರೆ ಬೆಲ್ಟು ಹೇಗೆ ಹಿಡಿಯುತ್ತದೆಂಬುದನ್ನು ತಿಳಿಯಬೇಕು. ಹಳ್ಳಿಯ ಹಿಟ್ಟಿನ ಗಿರಣಿಯ ಚಪ್ಪಟೆ ಪಟ್ಟಾವನ್ನು ನೀವು ನೋಡಿರಬಹುದು. ಅದು ಗಾಲಿಯ ಮೇಲೆ ಒರಗಿ, ಬಿಗಿತದ ಬಲದಿಂದಲೇ ನಡೆಯುತ್ತದೆ. ಮೋಟಾರಿನ ಬೆಲ್ಟು ಅಂತಹುದಲ್ಲ. ಮೇಲೆ ಅಗಲವಾಗಿ ಕೆಳಗೆ ಕಿರಿದಾದ ಈ ಆಕಾರವನ್ನು 1917ರಲ್ಲಿ ಅಮೆರಿಕದ ಜಾನ್ ಗೇಟ್ಸ್ ಎಂಬವನು ರೂಢಿಗೆ ತಂದನು. ಕೊಡಲಿಯ ಕಾವಿಗೆ ಹೊಡೆದ ಬೆಣೆಯಂತೆ ಅದು ಪುಲ್ಲಿಯ ಕೊರಕಲಿನ ಎರಡು ಗೋಡೆಗಳ ನಡುವೆ ಸಿಕ್ಕಿಕೊಳ್ಳುತ್ತದೆ. ಹಿಡಿತವೆಲ್ಲ ಗೋಡೆಗಳದು; ತಳವನ್ನು ಅದು ಮುಟ್ಟಲೇಬಾರದು. ಆದುದರಿಂದ ಕೊರಕಲಿನ ತಳ ಕನ್ನಡಿಯಂತೆ ಹೊಳೆಯುತ್ತಿದ್ದರೆ ಗೋಡೆಗಳಾದರೂ ಬೆಲ್ಟಾದರೂ ಸವೆದಿದೆಯೆಂದೇ ಅರ್ಥ. ಹೊಸ ಬೆಲ್ಟು ಹಾಕಿದಾಗಲೂ ಅದು ಆಳಕ್ಕೆ ಕುಸಿದರೆ ಪುಲ್ಲಿಯನ್ನೇ ಬದಲಾಯಿಸತಕ್ಕದ್ದು.

ಉಪಾಧ್ಯಾಯರ ಮೋಟಾರಿನಲ್ಲಿ ಸವಕಳಿಗಿಂತ ಬೇರೊಂದು ದೋಷವಿತ್ತು. ಯಾರೋ ಹಿಂದೆ ಡೈನಮೊವನ್ನು ತೆಗೆದು ಆಲ್ಟರ್ನೇಟರನ್ನು ಕೂರಿಸಿದಾಗ ಹಳೆಯ ಪುಲ್ಲಿಯನ್ನೇ ಲೇತಿನಲ್ಲಿ ಕೊರೆಸಿ ಹೊಂದಿಸಿದ್ದರು. ರಂಧ್ರ ನೆಟ್ಟಗೆ ಬಿದ್ದಿರಲಿಲ್ಲ. ಮೇಸ್ತ್ರಿ ಹ್ಯಾಂಡಲ್ ಹಾಕಿಸಿ ಎಂಜಿನ್ನನ್ನು ಕೈಯಿಂದ ಮೆಲ್ಲನೆ ತಿರುಗಿಸಿ, ಪುಲ್ಲಿಯ ಅಂಚಿನ ಸಮೀಪದಲ್ಲಿ ಸೀಮೆಸುಣ್ಣದ ತುಂಡನ್ನು ಅಲುಗಾಡದಂತೆ ಹಿಡಿದರು. ಗುರುತು ಸುತ್ತಲೂ ಬೀಳದೆ ಒಂದೇ ಕಡೆ ಬಿದ್ದಿತು. ಇಷ್ಟು ಸುಲಭವಾದ ಪರೀಕ್ಷೆಯನ್ನು ಮೂರು ಬೆಲ್ಟು ಹಾಕಿದವರಲ್ಲಿ ಒಬ್ಬರೂ ಮಾಡಲಿಲ್ಲವೆಂಬುದೇ ಆಶ್ಚರ್ಯ.

ಹಳೆಯ ಡೈನಮೊದ ಪುಲ್ಲಿ ಆಲ್ಟರ್ನೇಟರಿಗೆ ಒಪ್ಪದಿರುವುದಕ್ಕೆ ಇನ್ನೊಂದು ಕಾರಣವೂ ಉಂಟು. ಡೈನಮೊದಲ್ಲಿ ವಿದ್ಯುತ್ತು ಹುಟ್ಟುವ ಸುರುಳಿಯೇ ತಿರುಗುತ್ತದೆ. ಅತಿವೇಗದಲ್ಲಿ ಅದರ ತಂತಿ ಹೊರಕ್ಕೆ ಸಿಡಿಯುವ ಭಯವಿರುವುದರಿಂದ ದೊಡ್ಡ ಪುಲ್ಲಿಯನ್ನಿಟ್ಟು ನಿಧಾನವಾಗಿ ತಿರುಗಿಸುತ್ತಾರೆ. ಆಲ್ಟರ್ನೇಟರಿಗೆ ಆ ಭಯ ಕಡಮೆ. ಸಣ್ಣ ಪುಲ್ಲಿಯಿಂದ ವೇಗವಾಗಿ ತಿರುಗಿ, ಮೋಟಾರು ಸಂತೆಯ ಜನಸಂದಣಿಯಲ್ಲಿ ತೆವಳುತ್ತಿರುವಾಗಲೂ ಅದು ಬ್ಯಾಟರಿಯನ್ನು ತುಂಬಬಲ್ಲುದು. ದೊಡ್ಡ ಪುಲ್ಲಿಯನ್ನು ಕಟ್ಟಿದರೆ ಆ ಗುಣವೇ ನಷ್ಟ.

ಇನ್ನು ಬದಲಾಯಿಸುವ ಕ್ರಮ. ಮೊದಲು ಬ್ಯಾಟರಿಯ ತಂತಿಯನ್ನು ಕಳಚಬೇಕು. ಆಲ್ಟರ್ನೇಟರಿನ ಬೋಲ್ಟುಗಳನ್ನು ಸಡಿಲಿಸಿ ಅದನ್ನು ಎಂಜಿನ್ನಿನ ಕಡೆಗೆ ತಳ್ಳಿದರೆ ಬೆಲ್ಟು ಕೈಗೆ ಬರುತ್ತದೆ. ಪುಲ್ಲಿಯ ನಟ್ಟನ್ನು ಬಿಚ್ಚುವಾಗ ಪುಲ್ಲಿ ತಾನೂ ತಿರುಗುವುದಷ್ಟೆ; ಅದನ್ನು ತಡೆಯಲು ಬೀಸಣಿಗೆಯ ಎಲೆಗೆ ಸ್ಕ್ರೂಡ್ರೈವರ್ ಸಿಕ್ಕಿಸುವುದು ಒರಟುತನ. ಹಳೆಯ ಬೆಲ್ಟನ್ನು ಕೊರಕಲಿನಲ್ಲಿ ಸುತ್ತಿ, ಅದರ ತುದಿಗಳನ್ನು ವೈಸಿನಲ್ಲಿ ಬಿಗಿದರೆ ಪುಲ್ಲಿಗೆ ಗಾಯವಾಗದು. ಷಾಫ್ಟಿನ ಮೇಲೆ ಅರ್ಧಚಂದ್ರಾಕಾರದ ಕೀಲಿದ್ದರೆ ಅದನ್ನು ಜೋಪಾನ ಮಾಡಿರಿ. ಕೆಳಗೆ ಬಿದ್ದರೆ ಹುಡುಕುವುದರಲ್ಲಿ ಸಂಜೆ ಕಳೆಯುತ್ತದೆ. ಹೊಸ ಪುಲ್ಲಿ ಕೂತ ಮೇಲೆ ನೇರವಾದ ಪಟ್ಟಿಯೊಂದನ್ನು ಅಡ್ಡಲಾಗಿ ಹಿಡಿದು ಮೂರು ಪುಲ್ಲಿಗಳೂ ಒಂದೇ ಸಾಲಿನಲ್ಲಿವೆಯೇ ಎಂದು ನೋಡಬೇಕು. ಒಂದು ಹಿಂದೆ ಸರಿದಿದ್ದರೆ ವಾಷರು ಸೇರಿಸಿ ಸರಿಪಡಿಸಬೇಕು. ಬೆಲ್ಟನ್ನು ಕೈಯಿಂದಲೇ ಏರಿಸತಕ್ಕದ್ದು. ಉಕ್ಕಿನ ಮೊನೆಯಿಂದ ಮೀಟಿದರೆ ಒಳಗಿನ ನೂಲು ಕಾಣದಂತೆ ತುಂಡಾಗುತ್ತದೆ.

ಬಿಗಿತದ ವಿಷಯದಲ್ಲಿ ನಮ್ಮ ಜನ ಉದಾರಿಗಳು. ಸಡಿಲವಾಗಬಾರದೆಂದು ವೀಣೆಯ ತಂತಿಯಂತೆ ಎಳೆಯುತ್ತಾರೆ. ಅದರಿಂದ ಪಂಪಿನ ಮತ್ತು ಆಲ್ಟರ್ನೇಟರಿನ ಬೇರಿಂಗುಗಳು ಬೇಗನೆ ಕೆಡುತ್ತವೆ. ಎರಡು ಪುಲ್ಲಿಗಳ ನಡುವಿನ ಉದ್ದವಾದ ಭಾಗವನ್ನು ಹೆಬ್ಬೆರಳಿನಿಂದ ಒತ್ತಿದರೆ ಸುಮಾರು ಅರ್ಧ ಅಂಗುಲ ಬಗ್ಗಬೇಕು. ಬಿಗಿಸಲು ಆಲ್ಟರ್ನೇಟರಿನ ಮುಂಭಾಗವನ್ನು ಮಾತ್ರ ಮೀಟಬೇಕು, ಹಿಂಭಾಗವನ್ನಲ್ಲ. ತಂತಿಯನ್ನು ಮರಳಿ ಜೋಡಿಸುವಾಗ ಧನ ಋಣಗಳನ್ನು ಎರಡು ಸಲ ನೋಡಿರಿ. ಹಳೆಯ ಬ್ರಿಟಿಷ್ ಮಾದರಿಯ ಹಲವು ಮೋಟಾರುಗಳಲ್ಲಿ ಧನವೇ ಚಾಸಿಗೆ ಸೇರಿರುತ್ತಿದ್ದಿತು, ಮತ್ತು ಅದಲುಬದಲಾದರೆ ಆಲ್ಟರ್ನೇಟರಿನ ಡಯೋಡುಗಳು ಕ್ಷಣಮಾತ್ರದಲ್ಲಿ ಸುಟ್ಟುಹೋಗುತ್ತವೆ. ಹೊಸ ಬೆಲ್ಟು ಮೊದಮೊದಲು ಹಿಗ್ಗುತ್ತದೆ. ಹಾನಗಲ್ಲು ಶಿಗ್ಗಾವಿಗಳ ನಡುವೆ ನಾಲ್ಕಾರು ಸಲ ಓಡಾಡಿದ ಮೇಲೆ, ಎಂಜಿನ್ನನ್ನು ನಿಲ್ಲಿಸಿ, ತಣ್ಣಗಾದ ಬಳಿಕ ಇನ್ನೊಮ್ಮೆ ಹೆಬ್ಬೆರಳಿಟ್ಟು ನೋಡಿರಿ.