ಧರಾಸಣೆಯ ಸಾಕ್ಷಿ



ಬಾತ್ಮೀದಾರನೆಂದರೆ ಕಂಡುದನ್ನು ಬರೆದು ಕಳುಹುವವನೆಂದು ನಾವೆಲ್ಲರೂ ಬಲ್ಲೆವು. ಆದರೆ ಕಾಣುವುದಕ್ಕಿಂತಲೂ ಕಳುಹುವುದೇ ಕಠಿಣವಾದ ಪ್ರಸಂಗಗಳುಂಟು. ಅಂಥದೊಂದನ್ನು ಈ ಹೊತ್ತು ತಮ್ಮ ಮುಂದೆ ಅರಿಕೆ ಮಾಡುವೆವು.

ವೆಬ್ ಮಿಲ್ಲರನು ಅಮೇರಿಕದ ಮಿಶಿಗನ್ ಸೀಮೆಯವನು, 1891ರಲ್ಲಿ ಹುಟ್ಟಿದವನು. ಯುನೈಟೆಡ್ ಪ್ರೆಸ್ ಎಂಬ ವಾರ್ತಾಸಂಸ್ಥೆಯ ಪರವಾಗಿ ಮೆಕ್ಸಿಕೋದ ಕದನವನ್ನೂ ಯುರೋಪಿನ ಮೊದಲನೆಯ ಮಹಾಯುದ್ಧವನ್ನೂ ಕಂಡು ಬರೆದನು. ರಕ್ತಪಾತವು ಆತನಿಗೆ ಹೊಸದಲ್ಲ.

1930ರಲ್ಲಿ ಆತನು ಲಂಡನ್ನಿನಿಂದ ಹಿಂದುಸ್ಥಾನಕ್ಕೆ ಬಂದನು. ಆಗಿನ ಸ್ಥಿತಿಯನ್ನು ನೆನೆಯಬೇಕು. ಏಪ್ರಿಲ್ 13ರಂದು ನಮ್ಮ ಅಂಕೋಲೆಯಲ್ಲಿಯೂ ಉಪ್ಪಿನ ಕಾಯಿದೆಯನ್ನು ಮುರಿದಾಗಿತ್ತು. ಅದೇ ತಿಂಗಳಲ್ಲಿ ಪತ್ರಿಕಾ ಸುಗ್ರೀವಾಜ್ಞೆಯು ಹೊರಟು ದೇಶೀಯ ಪತ್ರಿಕೆಗಳ ಕೊರಳನ್ನು ಹಿಸುಕಿತು. ನಮ್ಮವರು ಇದ್ದುದನ್ನು ಇದ್ದಂತೆ ಬರೆದರೆ ಠೇವಣಿಯು ಜಪ್ತಿಯಾಗುವ ಕಾಲ. ಮೇ ತಿಂಗಳ ಮೊದಲಲ್ಲಿ ಗಾಂಧೀಜಿಯವರ ಬಂಧನವೂ ಆಯಿತು.

ಮೇ 21ರಂದು ಮಿಲ್ಲರನು ಗುಜರಾತಿನ ಧರಾಸಣೆಯ ಉಪ್ಪಿನ ಆಗರದ ಬಳಿ ನಿಂತಿದ್ದನು. ಸರೋಜಿನೀ ದೇವಿಯವರ ಮುಂದಾಳುತನದಲ್ಲಿ ಸುಮಾರು 2500 ಸ್ವಯಂಸೇವಕರು. ಸಾಲುಸಾಲಾಗಿ ಮುಂದೆ ನಡೆದರು. ಉಕ್ಕಿನ ತುದಿಯ ಲಾಠಿಗಳು ತಲೆಯ ಮೇಲೆ ಬಿದ್ದವು. ಏಟನ್ನು ತಡೆಯಲೆಂದು ಒಬ್ಬನೂ ಕೈಯೆತ್ತಲಿಲ್ಲ. ಒಂದು ಸಾಲು ಉರುಳಿದರೆ ಮತ್ತೊಂದು ಸಾಲು ಬಂದಿತು.

ಮಿಲ್ಲರನಿಗೆ ಅಹಿಂಸೆಯಲ್ಲಿ ಭಕ್ತಿಯಿರಲಿಲ್ಲ. ಸುಮ್ಮನೆ ಏಟು ತಿನ್ನುವವರ ಮೇಲೆಯೂ, ಹೊಡೆಯುವವರ ಮೇಲೆ ಬಂದಷ್ಟೇ ಎನ್ನಬಹುದಾದ ಸಿಟ್ಟು ಬಂದಿತೆಂದು ಆತನು ಮುಂದೆ ತನ್ನ ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾನೆ. ನಮಗೆ ಈ ಮಾತು ಮೊದಲು ಕಹಿಯೆನಿಸಿತೆಂಬುದನ್ನು ಮರೆಮಾಚಲಾರೆವು. ಆದರೆ ಹೊಗಳುಭಟರ ಸಾಕ್ಷ್ಯವನ್ನು ಹೊರನಾಡಿನಲ್ಲಿ ಯಾರು ನಂಬುತ್ತಿದ್ದರು?

ಗಾಯಾಳುಗಳನ್ನು ಮಲಗಿಸಿದ್ದ ಚಪ್ಪರಕ್ಕೂ ಆತನು ಹೋದನು. ನೂರಾರು ಮಂದಿಯೆಂದು ಬರೆದು ಕೈತೊಳೆದುಕೊಳ್ಳಬಹುದಿತ್ತು. ಹಾಗೆ ಮಾಡದೆ ತಾನೇ ಎಣಿಸಿದನು: ಗಾಯಗೊಂಡವರು 320, ಸತ್ತವರು ಇಬ್ಬರು.

ಮುಂದಿನದು ತಂತಿಯ ಕಥೆ. ಆತನು ಕೊಟ್ಟ ವರದಿಯು ಮುಂಬಯಿಯಲ್ಲಿಯೇ ತಡೆಯಲ್ಪಟ್ಟಿತು. ಸುದ್ದಿಯು ಲಂಡನ್ನನ್ನು ಮುಟ್ಟಿಲ್ಲವೆಂಬುದೂ ಆತನಿಗೆ ಕೂಡಲೇ ತಿಳಿಯಲಿಲ್ಲ. ತಿಳಿದ ಮೇಲೆ, ಈ ತಡೆಯನ್ನೇ ಜಗತ್ತಿಗೆ ಸಾರುವೆನೆಂದು ಅಧಿಕಾರಿಗಳೊಡನೆ ಹಟಹಿಡಿದನು. ತಂತಿಯು ಹೊರಟಿತು. ಸಾವಿರಕ್ಕೂ ಮಿಕ್ಕ ಪತ್ರಿಕೆಗಳು ಅದನ್ನು ಅಚ್ಚುಹಾಕಿದವು. ಅಮೇರಿಕದ ಸೆನೆಟ್ ಸಭೆಯಲ್ಲಿ ಬ್ಲೇನ್ ಎಂಬ ಸದಸ್ಯನು ಅದನ್ನು ದಾಖಲೆಗೆ ಸೇರಿಸಿದನು.

1935ರಲ್ಲಿ ಅಬಿಸೀನಿಯ, ಆ ಬಳಿಕ ಸ್ಪೇನ್: ಹೀಗೆ ಆತನ ಅಲೆದಾಟವು ನಡೆದೇ ಇತ್ತು. 1940ರ ಮೇ ತಿಂಗಳಲ್ಲಿ, ಯುದ್ಧಕ್ಕಾಗಿ ದೀಪಗಳನ್ನು ಮರೆಮಾಡಿದ್ದ ಲಂಡನ್ನಿನಲ್ಲಿ, ರೈಲಿನಿಂದ ಬಿದ್ದು ತೀರಿಕೊಂಡನು.